ತೌಡು ರುಬ್ಬಿದ ಹೋಟೆಲಿನವನು

"ಮಾವ, ನಮ್ಮ ತಂಡ ಎಂದಾದರೂ ಗೆದ್ದೀತೇ?"

ಕೇಳಿದವನು ಹುಲುಗಪ್ಪ, ಕಾಲೇಜಿನ ಫುಟ್ಬಾಲ್ ತಂಡದ ನಾಯಕ. ಮೈದಾನದ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡವರು ತಿಪ್ಪೇರುದ್ರಪ್ಪನವರು. ಹಿಂದೆ ಆ ತಂಡಕ್ಕೆ ಆಟ ಕಲಿಸಿದವರು, ಈಗ ನಿವೃತ್ತರು. ಹುಡುಗರೆಲ್ಲ ಅವರನ್ನು ಮಾವ ಎನ್ನುತ್ತಿದ್ದರು. ಅವರು ಎಲ್ಲರನ್ನೂ ಅಳಿಯ ಎನ್ನುತ್ತಿದ್ದರು. ಮಾವನಿಗೆ ಹೆಣ್ಣುಮಕ್ಕಳಿರಲಿಲ್ಲವಾದ್ದರಿಂದ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತಂಡ ಆ ವರ್ಷದ ಆಟಗಳನ್ನೆಲ್ಲ ಸೋತಿತ್ತು. ಅದರ ಹಿಂದಿನ ವರ್ಷವೂ ಸೋತಿತ್ತು. ಇನ್ನೊಂದು ವರ್ಷ ಹೀಗೆಯೇ ಆದರೆ ತಂಡವನ್ನು ಮುಚ್ಚಿ, ಮೈದಾನವನ್ನು ಬೈಕು ನಿಲ್ಲಿಸುವುದಕ್ಕೆ ಬಿಡುತ್ತೇನೆಂದು ಪ್ರಿನ್ಸಿಪಾಲರು ಹೇಳಿದ್ದರು. ಸೋತ ಹುಡುಗರನ್ನು ಕೈಬಿಟ್ಟು ಹೊಸಬರನ್ನು ಆರಿಸುವುದು ಆ ಕಾಲೇಜಿನ ಪದ್ಧತಿ. ನಾಯಕನೊಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರು. ಚೆಂಡು ಇಟ್ಟಿರುವ ಕೋಣೆಯ ಬೀಗದ ಕೈ ಅವನ ಹತ್ತಿರ ಇರುತ್ತಿತ್ತು. ಮರುದಿನ ಬೆಳಿಗ್ಗೆ ಹುಡುಗರು ಮೈದಾನಕ್ಕೆ ಬಂದಾಗ, ಇನ್ನು ಬರಬೇಡಿ ಎಂಬ ಮಾತನ್ನು ಹುಲುಗಪ್ಪನೇ ಹೇಳಬೇಕಿತ್ತು.

"ಗೆಲ್ಲುವುದೇನು ಮಹಾ," ಎಂದರು ಮಾವ. "ನಾನು ಆಡುತ್ತಿದ್ದ ಕಾಲದಲ್ಲಿ ಒಮ್ಮೆ ಚೆಂಡನ್ನು ಎಷ್ಟು ಮೇಲಕ್ಕೆ ಒದ್ದೆನೆಂದರೆ, ಅದು ಇಳಿಯುವಷ್ಟರಲ್ಲಿ ವಿರಾಮ ಮುಗಿದು ಎರಡೂ ತಂಡಗಳು ಕಡೆ ಬದಲಿಸಿದ್ದವು. ಚೆಂಡು ನೇರ ನಮ್ಮ ಗೋಲಿಗೇ ಬಿತ್ತು. ನನ್ನಷ್ಟು ಬಲವಾಗಿ ಒದೆಯುವವನು ಆ ಜಿಲ್ಲೆಯಲ್ಲಿ ಇರಲಿಲ್ಲ. ನನ್ನಿಂದ ಸೋತಷ್ಟು ನಮ್ಮ ತಂಡ ಬೇರೆ ಯಾರಿಂದಲೂ ಸೋತಿಲ್ಲ."

"ತಮಾಷೆ ಬೇಡ ಮಾವ. ನಾಳೆ ಹುಡುಗರನ್ನು ಕಳಿಸಿಬಿಡಲೋ, ಇಟ್ಟುಕೊಳ್ಳಲೋ? ಅದನ್ನು ಹೇಳಿ."

"ಹಾಗಾದರೆ ಕೂತುಕೋ. ಇಡ್ಲಿಯ ಕತೆ ಹೇಳುತ್ತೇನೆ. ನನಗೆ ಫುಟ್ಬಾಲಿಗಿಂತ ಇಡ್ಲಿ ಚೆನ್ನಾಗಿ ಗೊತ್ತು."

ಹುಲುಗಪ್ಪ ಕೂತ. ಮಾವ ಹೇಳತೊಡಗಿದರು.

"ಒಂದು ಊರಿನಲ್ಲಿ ಒಬ್ಬ ಹೋಟೆಲಿನವನಿದ್ದ. ಅವನ ಹಳೆಯ ಒರಳುಕಲ್ಲು ಒಂದು ದಿನ ಬಿರುಕು ಬಿಟ್ಟಿತು. ಕಲ್ಲುಕುಟಿಗನ ಹತ್ತಿರ ಹೋಗಿ ಹೊಸದು ತಂದ. ತಂದವನೇ ಉದ್ದು ಹಾಕಿ ರುಬ್ಬಿದ. ಮರುದಿನ ಇಡ್ಲಿ ತಿಂದವರ ಬಾಯಲ್ಲಿ ಕರಕರ ಸದ್ದು. ಹೊಸ ಕಲ್ಲು ಮರಳು ಬಿಡುತ್ತದೆ, ಅಳಿಯ. ಒಬ್ಬ ಗಿರಾಕಿ ಆ ಇಡ್ಲಿಯ ಮೇಲೆ ಚಾಕು ಮಸೆದುಕೊಂಡು ಹೋದ. ಸುಳ್ಳಲ್ಲ, ಚಾಕು ನನ್ನದೇ.

"ಹೋಟೆಲಿನವನು ಕಲ್ಲನ್ನು ಗಾಡಿಗೆ ಹೇರಿಕೊಂಡು ಹೋಗಿ ಕಲ್ಲುಕುಟಿಗನ ಮುಂದೆ ಇಳಿಸಿದ. 'ಇದು ಕೆಟ್ಟ ಕಲ್ಲು. ಬೇರೆ ಕೊಡು' ಎಂದ.

"'ಕೆಟ್ಟದ್ದಲ್ಲ ಸ್ವಾಮಿ, ಹೊಸದು,' ಎಂದ ಕಲ್ಲುಕುಟಿಗ. 'ಮೊದಲು ಬರೀ ತೌಡು ಹಾಕಿ ರುಬ್ಬಿ, ಅದನ್ನು ಚೆಲ್ಲಬೇಕು. ಮರಳು ನಿಲ್ಲುವವರೆಗೂ ರುಬ್ಬಬೇಕು, ಚೆಲ್ಲಬೇಕು. ಆಮೇಲೆ ಕಲ್ಲು ಪಳಗುತ್ತದೆ.'

"'ರುಬ್ಬಿ ರುಬ್ಬಿ ಚೆಲ್ಲುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ? ನಾನು ಹೋಟೆಲು ಇಟ್ಟಿರುವುದು ಇಡ್ಲಿ ಮಾರುವುದಕ್ಕೆ. ಬೇರೆ ಕೊಡು.'

"ಕಲ್ಲುಕುಟಿಗ ಬೇರೆ ಕೊಟ್ಟ. ಅದೂ ಹೊಸದು. ಅದೂ ಮರಳು ಬಿಟ್ಟಿತು. ನಾಲ್ಕು ದಿನ ನೋಡಿ ಅದನ್ನೂ ವಾಪಸು ಒಯ್ದ. ಇನ್ನೊಂದು ತಂದ. ಹೀಗೆ ಗಾಡಿ ಹೋಗುತ್ತಿತ್ತು, ಬರುತ್ತಿತ್ತು. ಕೊನೆಕೊನೆಗೆ ಒಲೆಯ ಮೇಲೆ ಇಡ್ಲಿ ಬೆಂದ ವಾಸನೆ ಬಂದರೆ ಸಾಕು, ಎತ್ತುಗಳು ತಾವೇ ಎದ್ದು ಬಂದು ನೊಗಕ್ಕೆ ಕುತ್ತಿಗೆ ಕೊಡುತ್ತಿದ್ದವು.

"ಗಿರಾಕಿಗಳು ಎಷ್ಟು ದಿನ ತಡೆದಾರು? ಎದುರುಗಡೆ ಒಬ್ಬ ಹೆಂಗಸು ಸಣ್ಣದೊಂದು ಇಡ್ಲಿ ಅಂಗಡಿ ತೆರೆದಳು. ಎಲ್ಲರೂ ಅಲ್ಲಿಗೆ ಹೋದರು. ಆಕೆಯ ಇಡ್ಲಿಯನ್ನು ನಾನು ತಿಂದಿದ್ದೇನೆ. ಫ್ಯಾನು ಹಾಕಿದರೆ ತಟ್ಟೆಯಿಂದ ಏಳುತ್ತಿತ್ತು. ಒಂದನ್ನು ತಿನ್ನುವಾಗ ಇನ್ನೊಂದನ್ನು ಅದುಮಿ ಹಿಡಿದಿರಬೇಕು. ಅಲ್ಲಿ ನಾನು ಎರಡು ಕೈಯಲ್ಲೂ ತಿನ್ನುತ್ತಿದ್ದದ್ದು ಅದಕ್ಕೆ. ಜನ ಬೇರೆ ಏನೋ ಹೇಳುತ್ತಾರೆ, ನೀನು ನಂಬಬೇಡ.

"ಹೋಟೆಲಿನವನು ತೀರ್ಮಾನ ಮಾಡಿದ. ಇನ್ನು ಒಂದೇ ಒಂದು ಸಲ ಕಲ್ಲು ಬದಲಿಸುವುದು. ಅದೂ ಕೆಟ್ಟದ್ದಾದರೆ ಹೋಟೆಲಿಗೆ ಬೀಗ ಹಾಕುವುದು. ಮನೆಮಂದಿಯೆಲ್ಲ ಹೋಟೆಲನ್ನೇ ನಂಬಿದ್ದರು, ಬೇರೆ ಕಸಬು ಅವನಿಗೆ ಗೊತ್ತಿರಲಿಲ್ಲ. ಆದರೂ ತೀರ್ಮಾನ ಮಾಡಿದ. ಕಲ್ಲಿಗೆ ಹಗ್ಗ ಬಿಗಿದು ಬಾಗಿಲಲ್ಲಿ ಇಟ್ಟ. ಗಾಡಿಯವನು ಬರುವುದು ತಡವಾಯಿತು. ಹಸಿವಾಗಿತ್ತು. ತನ್ನ ಇಡ್ಲಿ ತಿನ್ನುವ ಧೈರ್ಯ ಅವನಿಗೂ ಇರಲಿಲ್ಲ. ತಲೆಯ ಮೇಲೆ ಟವೆಲು ಎಳೆದುಕೊಂಡು ಎದುರಿನ ಅಂಗಡಿಗೆ ಹೋದ.

"ತಿಂದ. ಮರಳಿನ ಒಂದು ಕಣವೂ ಇರಲಿಲ್ಲ. ಕೈ ತೊಳೆಯಲು ಹಿಂದುಗಡೆ ಹೋದ. ಅಲ್ಲಿ ಅಕ್ಕಿಗೆ ಒಂದು, ಉದ್ದಿಗೆ ಒಂದು, ಚಟ್ನಿಗೆ ಒಂದು ಎಂದು ಒರಳುಗಳಿದ್ದವು. ನೋಡುತ್ತಾನೆ, ಪ್ರತಿಯೊಂದು ಒರಳಿನ ಅಂಚಿನಲ್ಲೂ ಅವನದೇ ಹೋಟೆಲಿನ ಹೆಸರು. ತಂದ ದಿನ ಅವನೇ ಕೆತ್ತಿಸಿದ್ದು.

"'ಇವು ನನ್ನ ಕಲ್ಲುಗಳು,' ಎಂದ.

"'ಹೌದಣ್ಣಾ, ನೀವು ಬೇಡವೆಂದು ಬಿಟ್ಟವು,' ಎಂದಳು ಆಕೆ. 'ಕಲ್ಲುಕುಟಿಗನ ಅಂಗಳದಲ್ಲಿ ಬಿದ್ದಿದ್ದವು, ತಂದುಕೊಂಡೆ. ಅರ್ಧ ಮರಳನ್ನು ನಿಮ್ಮ ಗಿರಾಕಿಗಳೇ ತಿಂದು ಮುಗಿಸಿದ್ದರು. ಮಿಕ್ಕಿದ್ದು ನನ್ನ ತೌಡಿಗೆ ಹೋಯಿತು. ಕಲ್ಲು ಬಹಳ ಒಳ್ಳೆಯದು. ನೀವು ನೋಡಿ ಆರಿಸಿದ್ದಲ್ಲವೇ?'

"ಅವನು ರಸ್ತೆ ದಾಟಿ ಬಂದ. ಗಾಡಿ ಬಂದು ನಿಂತಿತ್ತು. ಗಾಡಿಯವನನ್ನು ವಾಪಸು ಕಳಿಸಿದ. ಕಲ್ಲಿಗೆ ಬಿಗಿದ ಹಗ್ಗ ಬಿಚ್ಚಿದ. ತೌಡು ತರಿಸಿ, ಒಲೆ ಆರಿಸಿ, ರುಬ್ಬಲು ಕೂತ.

"ರುಬ್ಬಿದ್ದನ್ನು ನಾಲಿಗೆಗೆ ಹಚ್ಚಿ ನೋಡಿದ. ಮರಳು. ಚೆಲ್ಲಿದ. ಮತ್ತೆ ರುಬ್ಬಿದ. ಮರಳು. ದಾರಿಯಲ್ಲಿ ಹೋಗುವವರು ನಿಂತು, 'ಏನು ಸಾಹುಕಾರರೇ, ಇನ್ನು ಮೇಲೆ ಎಮ್ಮೆಗಳಿಗೆ ತಿಂಡಿಯೋ?' ಎಂದು ಕೇಳಿದರು. ಅವನು ತಲೆ ಎತ್ತಲಿಲ್ಲ. ಒಂದು ದಿನ ಮರಳು ಕಡಿಮೆಯಾದಂತೆ ಅನಿಸಿತು. ಮರುದಿನ ಹಾಗೆ ಅನಿಸಲಿಲ್ಲ. ಆ ದಿನವೂ ರುಬ್ಬಿದ. ಕತೆಯಲ್ಲಿ ಕಷ್ಟದ ದಿನ ಅದೇ, ಅಳಿಯ. ಮೊದಲ ದಿನ ಯಾರು ಬೇಕಾದರೂ ರುಬ್ಬಿಯಾರು.

"ಒಂದು ಬೆಳಿಗ್ಗೆ ನಾಲಿಗೆ ಮರಳನ್ನು ಹುಡುಕಿತು. ಸಿಗಲಿಲ್ಲ. ಆಗ ಅವನು ಉದ್ದು ನೆನೆಹಾಕಿದ.

"ಗಿರಾಕಿಗಳು ಕೂಡಲೇ ಬರಲಿಲ್ಲ. ಒಮ್ಮೆ ಮರಳು ಕಚ್ಚಿದ ಹಲ್ಲಿಗೆ ಮರೆವು ಕಡಿಮೆ. ಮೊದಲು ನಾನೊಬ್ಬನೇ ಬಂದೆ. ನಾನು ತಿಂದು ಜೀವಂತ ಹೊರಗೆ ಬಂದದ್ದನ್ನು ನೋಡಿ ಉಳಿದವರು ಒಬ್ಬೊಬ್ಬರಾಗಿ ಬಂದರು. ಆ ಹೋಟೆಲು ಎದ್ದು ನಿಂತದ್ದು ನನ್ನ ಹೊಟ್ಟೆಯ ಬಲದಿಂದ. ಅವನು ಮಾತ್ರ ಕಲ್ಲಿನಿಂದ ಎನ್ನುತ್ತಿದ್ದ. ಇರಲಿ, ದೊಡ್ಡವರು ಇಂಥದ್ದಕ್ಕೆಲ್ಲ ಬೇಸರಪಟ್ಟುಕೊಳ್ಳಬಾರದು."

ಮಾವ ಕತೆ ನಿಲ್ಲಿಸಿದರು. ಮೈದಾನದಲ್ಲಿ ಯಾರೂ ಇರಲಿಲ್ಲ. ಹುಲುಗಪ್ಪ ನಗಲಿಲ್ಲ. ಮಾವನ ಕಡೆ ತಿರುಗಿ ಕೇಳಿದ:

"ಅದು ಕಲ್ಲು, ಮಾವ. ರುಬ್ಬಿದರೆ ಮರಳು ಹೋಗಲೇಬೇಕು. ಇವರು ಹುಡುಗರು. ಇನ್ನೊಂದು ವರ್ಷ ಇಟ್ಟುಕೊಂಡರೂ ಹೀಗೇ ಇದ್ದರೆ ಏನು ಮಾಡಲಿ? ನಾವು ಆರಿಸಿದ ಹುಡುಗರಲ್ಲಿ ಗೆಲ್ಲುವವರು ಇದ್ದಾರೆ ಎನ್ನುವುದಕ್ಕೆ ಸಾಕ್ಷಿ ಏನು?"

ಮಾವ ಕಟ್ಟೆಯಿಂದ ಇಳಿದು ಪಂಚೆಯ ಮಣ್ಣು ಕೊಡವಿಕೊಂಡರು.

"ನಿನ್ನೆ ನಿಮಗೆ ಮೂರು ಗೋಲು ಹೊಡೆದನಲ್ಲ ಎದುರು ಕಾಲೇಜಿನವನು, ಹೋದ ವರ್ಷ ಅವನು ಯಾರ ಅಂಗಿ ತೊಟ್ಟಿದ್ದ ಅಳಿಯ?"

"ನಮ್ಮದೇ, ಮಾವ," ಎಂದ ಹುಲುಗಪ್ಪ.