ಡೊಳ್ಳಿನ ಮಾಳಪ್ಪನ ಕಳ್ಳ ನಾಡಿ

ಕೇಳ್ರಪಾ, ಕಾಗೆ ಇನ್ನೂ ಬೆಳ್ಳಗಿದ್ದ ಕಾಲ. ಏಳು ಹಳ್ಳದ ಆಚೆ ಒಂದು ಊರು. ಆ ಊರಲ್ಲಿ ಮಾಳಪ್ಪ ಅಂತ ಒಬ್ಬ ಡೊಳ್ಳು ಬಾರಿಸುವವ ಇದ್ದನಂತೆ. ಈ ಕಥೆಯನ್ನ ನನ್ನಷ್ಟು ಸರಿಯಾಗಿ ಹೇಳೋರು ಸುತ್ತ ಹನ್ನೆರಡು ಹಳ್ಳಿಯಲ್ಲಿ ಇಲ್ಲ. ಇದ್ದರೂ ನನ್ನ ಹತ್ತಿರ ಕೇಳಿ ಕಲಿತವರೇ.

ಮಾಳಪ್ಪನ ಡೊಳ್ಳು ಎಂಥದ್ದು ಅಂತೀರಿ? ಒಂದು ಪೆಟ್ಟು ಹಾಕಿದರೆ ಜೋಳದ ಹೊಲದ ಹಕ್ಕಿಗಳು ಎದ್ದು, ಮೂರು ದಿನ ಕೆಳಗೆ ಇಳಿಯುತ್ತಿರಲಿಲ್ಲವಂತೆ. ಆಕಾಶದಲ್ಲೇ ತತ್ತಿ ಇಡುತ್ತಿದ್ದವಂತೆ. ಅದಕ್ಕೇ ಆ ಊರಲ್ಲಿ ಯಾರೂ ಕವಣೆ ಮುಟ್ಟುತ್ತಿರಲಿಲ್ಲ. ಜೋಳ ಕಾಯೋದು ಡೊಳ್ಳಿನ ಕೆಲಸ, ರೊಟ್ಟಿ ತಿನ್ನೋದು ಊರವರ ಕೆಲಸ.

ಒಂದು ದಿನ ಉಂಡು ಕೂತಿದ್ದಾಗ ಮಾಳಪ್ಪನ ಎಡಗೈ ಸುಮ್ಮನೆ ಬಲಗೈಯ ನಾಡಿಯ ಮೇಲೆ ಬಿತ್ತಂತೆ. ಧಿಮ್, ಧಿಮ್, ಧಿಮ್... ಒಂದು ಪೆಟ್ಟು ಇಲ್ಲ! ಆಮೇಲೆ ಮತ್ತೆ ಧಿಮ್. ತಾಳ ತಪ್ಪಿದ್ದನ್ನ ಮೂರು ಹೊಲದ ಆಚೆಯಿಂದ ಹಿಡಿಯುವ ಆಸಾಮಿ, ತನ್ನ ಮೈಯೊಳಗಿನದನ್ನ ಬಿಟ್ಟಾನೆಯೇ? ಅವತ್ತು ಹಿಡಿದ ಕೈ ಬಿಡಲೇ ಇಲ್ಲ. ಹೆಂಡತಿ ಲಗಮವ್ವನೇ ತುತ್ತು ಮಾಡಿ ತಿನ್ನಿಸಬೇಕಾಯಿತು.

ವೈದ್ಯ ರುದ್ರಮುನಿಯನ್ನ ಕರೆಸಿದರು. ಸತ್ತ ಎಮ್ಮೆಯ ನಾಡಿ ಹಿಡಿದು, ಅದು ಯಾವ ಹುಲ್ಲು ತಿಂದು ಸತ್ತಿತು ಅಂತ ಹೇಳುವಂಥ ವೈದ್ಯ ಅವನು.

"ಏನೂ ಆಗಿಲ್ಲೋ ಮಾಳ್ಯಾ. ಒಮ್ಮೊಮ್ಮೆ ಒಂದು ಪೆಟ್ಟು ತಪ್ಪತೈತಿ, ಎಲ್ಲಾರಿಗೂ. ಏಳು, ಡೊಳ್ಳು ತಗೋ."

ಮಾಳಪ್ಪನಿಗೆ ಜೀವ ಹಗುರಾಯಿತು. ವೈದ್ಯ ಹೊಸ್ತಿಲು ದಾಟುವಷ್ಟರಲ್ಲಿ ಮತ್ತೆ ಭಾರ.

"ನೀವು ಹಿಡಿದಾಗ ನೆಟ್ಟಗ ನಡೀತೈತ್ರಿ. ಹೊಂಟ ಕೂಡ್ಲೆ ತಪ್ಪತೈತಿ. ಇದು ಕಳ್ಳ ನಾಡಿ!"

ವೈದ್ಯ ತಿರುಗಿ ಬಂದ, ಹಿಡಿದ, ಹೇಳಿದ, ಹೊರಟ. ಮತ್ತೆ ಬಂದ, ಹಿಡಿದ, ಹೇಳಿದ, ಹೊರಟ. ಹೀಗೆ ಏಳು ದಿನ, ದಿನಕ್ಕೆ ನೂರ ಒಂದು ಸಲ. ಹೊಸ್ತಿಲು ಸವೆದು ಅಂಗಳಕ್ಕೆ ಸಮ ಆಯಿತಂತೆ.

"ಖರೇನ ಏನೂ ಇಲ್ಲೇನ್ರಿ?"

"ಇಲ್ಲೋ."

"ಇದ್ದೂ ಹೇಳಾಕ ಹೆದರತೀರೇನು?"

"ಇಲ್ಲೋ ಮಾರಾಯ!"

"ಹಂಗಾದ್ರ ನಿಮ್ಮ ದನಿ ನಿನ್ನೆಗಿಂತ ಇವತ್ತ ಯಾಕ ಸಣ್ಣ ಆಗೇತಿ?"

ಎಂಟನೇ ದಿನ ವೈದ್ಯನಿಗೇ ತಲೆ ತಿರುಗಿತು. ತಪ್ಪುತ್ತಿರೋದು ಇವನ ನಾಡಿಯೋ, ತನ್ನ ಬೆರಳೋ? ತನ್ನದನ್ನೇ ಮುಟ್ಟಿ ನೋಡಿಕೊಂಡ. ಧಿಮ್, ಧಿಮ್... ಒಂದು ಪೆಟ್ಟು ಇಲ್ಲ!

"ಮಾಳ್ಯಾ, ನಂದೊಂದಿಷ್ಟು ಹಿಡಿಯೋ."

ಅವನದು ಇವನು, ಇವನದು ಅವನು ಹಿಡಿದು ಕೂತರಂತೆ.

"ಈಗ ತಪ್ಪಿದ್ದು ನಿಂದೋ ನಂದೋ?"

"ನಂದ ಇರಬೇಕ್ರಿ."

"ನನಗ ನಂದ ಅನಸಿತಲ್ಲೋ!"

ಇತ್ತ ಜೋಳ ಹಾಲುಗಾಳು ಕಟ್ಟಿತ್ತು. ಡೊಳ್ಳು ಸುಮ್ಮನಾಗಿದೆ ಅಂತ ಹಕ್ಕಿಗಳಿಗೆ ತಿಳಿಯಿತು. ಮಟಮಟ ಮಧ್ಯಾಹ್ನ ಬಂದವು ನೋಡ್ರಿ, ಸೂರ್ಯನೇ ಮುಚ್ಚಿಹೋದ, ಕೋಳಿಗಳು ಗೂಡು ಸೇರಿದವು. ಊರವರು ಕವಣೆ ಬೀಸಿದರೆ ಕಲ್ಲು ಹೋಗಿ ಗೌಡನ ರುಮಾಲಿಗೆ ಬಿತ್ತು. ವರ್ಷದ ರೊಟ್ಟಿ ಕಣ್ಣೆದುರೇ ಹೋಗುತ್ತಿತ್ತು.

ಲಗಮವ್ವ ಡೊಳ್ಳು ಹೊತ್ತು ತಂದು ಗಂಡನ ಮುಂದೆ ಇಟ್ಟಳು.

"ಏಳ್ರಿ, ಬಾರಸ್ರಿ."

"ಎರಡೂ ಕೈ ಬೇಕಲ್ಲ. ಬಿಟ್ಟ ಕೂಡ್ಲೆ ನಾಡಿ ನಿಂತರ?"

"ನಿಲ್ಲತೈತಿ ಅಂತ ಖಾತ್ರಿ ಏನು?"

"ಗೊತ್ತಿಲ್ಲ."

"ನಿಲ್ಲೂದಿಲ್ಲ ಅಂತ?"

"ಅದೂ ಗೊತ್ತಿಲ್ಲ."

ವೈದ್ಯನ ಮುಖ ನೋಡಿದಳು. "ನನಗೂ ಈಗ ಗೊತ್ತಿಲ್ಲವ್ವಾ" ಅಂದ ಅವನು.

"ಹಂಗಾದ್ರ ಗೊತ್ತಿಲ್ಲದನ ಬಾರಸ್ರಿ! ನಿಮಗ ಗೊತ್ತಾಗೂತನಕ ಹಕ್ಕಿ ಕಾಯೂದಿಲ್ಲ!"

ಮಾಳಪ್ಪ ವೈದ್ಯನ ಕೈ ಬಿಟ್ಟ. ತನ್ನ ಕೈಯ ಮೇಲಿಂದ ವೈದ್ಯನ ಬೆರಳು ಒಂದು ಬಿಡಿಸಿದ, ಎರಡು ಬಿಡಿಸಿದ. ಐದೂ ಬಿಡಿಸಿದ. ಇದೇ ಕಡೇ ಪೆಟ್ಟು ಅಂದುಕೊಂಡು ಒಂದು ಹೊಡೆದ. ಸಾಯಲಿಲ್ಲ. ಇದೇ ಕಡೇದು ಅಂತ ಇನ್ನೊಂದು ಹೊಡೆದ. ಹಾಗೆ ಹೆದರಿ ಹೆದರಿ ಸಾವಿರ ಪೆಟ್ಟು ಹೊಡೆದನಂತೆ. ಹಕ್ಕಿಗಳು ಎದ್ದ ಗಾಳಿಗೆ ಪಕ್ಕದೂರಿನ ಹೆಂಚು ಹಾರಿದವು. ಸೂರ್ಯ ಹೊರಗೆ ಬಂದ.

"ನಾಡಿ ನೋಡ್ಲ್ಯಾ?" ಅಂದ ಮಾಳಪ್ಪ.

"ಮೊದಲ ರೊಟ್ಟಿ ತಿನ್ರಿ" ಅಂದಳು ಲಗಮವ್ವ.

ತನ್ನ ಕೈಯಾರೆ ತಿಂದ. ಮರುದಿನ ಮತ್ತೆ ಹೆದರಿಕೆ ಬಂತು, ಮೂರು ದಿನ ಕಳೆದು ಹಕ್ಕಿಗಳೂ ಬಂದವು. ಹೆದರುತ್ತಲೇ ಬಾರಿಸಿದ. ಹೀಗೆ ನೂರಾ ನಾಲ್ಕು ವರ್ಷ ಬದುಕಿದನಂತೆ. ವೈದ್ಯನೂ ಅಂದಿನಿಂದ "ಏನೂ ಇಲ್ಲ" ಅಂತ ಒಂದೇ ಸಲ ಹೇಳಿ, ಕರೆದರೂ ತಿರುಗದೆ ಹೋಗುತ್ತಿದ್ದನಂತೆ.

ಆ ನಾಡಿ ಖರೇ ತಪ್ಪುತ್ತಿತ್ತೋ ಇಲ್ಲವೋ, ಅದು ಮಾತ್ರ ನನಗೆ ಗೊತ್ತಿಲ್ಲ. ಈ ಲೋಕದಲ್ಲಿ ನನಗೆ ಗೊತ್ತಿಲ್ಲದ್ದು ಅದೊಂದೇ. ಅವರ ಜೋಳ ಅವರ ಕಣಜಕ್ಕೆ, ನನ್ನ ಕಥೆ ನಿಮ್ಮ ಉಡಿಗೆ.