ಬಲಮೂಲೆಯ ಮೀನು

ಪ್ರಾಂತಗಳ ಲಾಂಛನ ಹೊತ್ತ ಹೊಸ ಅಂಚೆಚೀಟಿಗಳು ಬಂದಾಗ ಬಯಲುನಾಡಿನ ಸಿಂಹಕ್ಕೂ ಕಡಲನಾಡಿನ ಮೀನಿಗೂ ಬೆಲೆ ಒಂದೇ ಇತ್ತು. ಸಿಂಹಕ್ಕೆ ಅದೇ ಸಂಕಟ.

ಮಗನ ಗಲ್ಲುಶಿಕ್ಷೆ ಮನ್ನಿಸಬೇಕೆಂದು ದೊರೆಗೆ ಅರ್ಜಿ ಬರೆಸಿದ ದೇವೀರಮ್ಮ ಎರಡನ್ನೂ ಕೊಂಡಳು. ಲಕೋಟೆ ಭಾರವಾಗಿತ್ತು, ಎರಡೂ ಇಲ್ಲದೆ ಅದು ಹೋಗುವಂತಿರಲಿಲ್ಲ. ಮೀನು ತನ್ನ ನಾಡಿನದೆಂದು ಆಕೆ ಅದನ್ನು ಬಲಮೂಲೆಗೆ ಹಚ್ಚಿ, ಸಿಂಹವನ್ನು ಅದರ ಎಡಕ್ಕೆ ಒತ್ತಿದಳು.

"ಬಲಮೂಲೆ ನನ್ನದು. ಬಲೆಗೆ ಬೀಳುವ ಪ್ರಾಣಿ ನೀನು, ಸರಿ ಆಚೆ!" ಎಂದಿತು ಸಿಂಹ.

"ಅಂಟಿದ ಮೇಲೆ ಸರಿಯುವುದು ಹೇಗೆ ಸ್ವಾಮಿ? ಜಗಳ ತಲುಪಿದ ಮೇಲೆ ಆಡೋಣ. ಒಳಗೊಂದು ಜೀವವಿದೆ," ಎಂದಿತು ಮೀನು.

"ಜೀವ ದೊಡ್ಡದೋ, ಮರ್ಯಾದೆ ದೊಡ್ಡದೋ?"

"ಜೀವ ಬೇರೆಯವರದು, ಮರ್ಯಾದೆ ತಮ್ಮದು. ಅದಕ್ಕೇ ತಮಗೆ ಅನುಮಾನ."

ಸಿಂಹ ಬೆನ್ನಿನ ಗೋಂದನ್ನು ಲಕೋಟೆಗೆ ಬಿಟ್ಟುಕೊಡದೆ ಬಿಗಿಹಿಡಿದು, ಅಂಚು ಸುರುಟಿಕೊಂಡು, ಅಂಚೆಕಚೇರಿಯ ಒದ್ದೆ ನೆಲಕ್ಕೆ ಉದುರಿತು. ಚೀಟಿ ಸಾಲದ ಲಕೋಟೆಯನ್ನು ಗುಮಾಸ್ತ ಬದಿಗೆಸೆದ. ಅದನ್ನು ಹಿಂದಿರುಗಿಸಲು ಎಂಟು ದಿನ ಹಿಡಿಯಿತು. ಗಲ್ಲಿಗೆ ನಿಗದಿಯಾದದ್ದು ಏಳನೆಯ ದಿನ.

ಸೆರೆಮನೆಯ ಸುದ್ದಿ ಇನ್ನೂ ತಲುಪಿರದ ದೇವೀರಮ್ಮ ಅಂಚೆಯವನನ್ನು ಕಂಡು ಅಂಗಳಕ್ಕೆ ಓಡಿಬಂದಳು. "ದೊರೆ ಬರೆದರೇನಪ್ಪಾ?"

"ಇಲ್ಲಮ್ಮ, ಇದು ನಿಮ್ಮದೇ ಕಾಗದ. ಒಂದು ಚೀಟಿ ಎಲ್ಲೋ ಬಿದ್ದುಹೋಗಿದೆಯಂತೆ."

ಆಕೆಯ ಗೋಳು ಸಿಂಹಕ್ಕೆ ಸ್ಪಷ್ಟವಾಗಿ ಕೇಳಿಸಿತು. ಅದು ಅಂಚೆಯವನ ಚಪ್ಪಲಿಯ ಅಟ್ಟೆಗೆ ಬಲವಾಗಿ ಅಂಟಿಕೊಂಡಿತ್ತು.