ಕೋಲು ಒಲೆಗೆ ಹಾಕುವ ದಿನ

"ಗುರುಗಳೇ, ದೊಡ್ಡ ಸಾಲ ಮಾಡಿ ದೊಡ್ಡ ಕಾಲೇಜಿಗೆ ಸೇರಲೋ, ಸಣ್ಣ ಸಾಲ ಮಾಡಿ ನಮ್ಮೂರಿನ ಕಾಲೇಜಿಗೇ ಸೇರಲೋ?" ಎಂದು ದಾಕ್ಷಾಯಣಿ ಕೇಳಿದಳು.

ಕೊಟ್ರಪ್ಪನವರು ಗರಡಿಮನೆಯ ಗುರುಗಳು. ಕುಸ್ತಿ ಕಲಿಸುವುದರ ಜೊತೆಗೆ ಉಳುಕು ತೆಗೆಯುವುದರಲ್ಲೂ ಅವರದು ಪಳಗಿದ ಕೈ. ಅದನ್ನು ನೋಡುತ್ತಾ ಬೆಳೆದ ಶಿಷ್ಯೆ ದಾಕ್ಷಾಯಣಿಗೆ ಫಿಸಿಯೋಥೆರಪಿ ಓದುವ ಆಸೆ ಹುಟ್ಟಿತ್ತು. ಈಗ ಎರಡು ಕಡೆ ಸೀಟು ಸಿಕ್ಕಿತ್ತು. ನಾಳೆ ಬ್ಯಾಂಕಿನಲ್ಲಿ ಸಹಿ ಹಾಕಬೇಕಿತ್ತು.

"ಎರಡು ಕಡೆಯೂ ಓದು ಬೇರೆ ಬೇರೆಯೋ?" ಎಂದರು ಗುರುಗಳು.

"ಓದು ಒಂದೇ, ಪದವಿಯೂ ಒಂದೇ. ಶುರುವಿನ ಸಂಬಳವೂ ಹೆಚ್ಚುಕಡಿಮೆ ಅಷ್ಟೇ ಅಂತಾರೆ. ಆದರೆ ದೊಡ್ಡ ಕಾಲೇಜಿಗೆ ಹೆಸರಿದೆ. ಸಾಲ ನಾಲ್ಕು ಪಟ್ಟು ಆಗುತ್ತದೆ, ನಿಜ. ತೀರಿಸಬಹುದು ಬಿಡಿ. ಲಕ್ವ ಹೊಡೆದವರು, ಮೂಳೆ ಮುರಿದವರು ಒಮ್ಮೆ ಬಂದರೆ ತಿಂಗಳುಗಟ್ಟಲೆ ಬರುತ್ತಾರಲ್ಲ!"

ಗುರುಗಳ ಹುಬ್ಬು ಮೇಲೇರಿತು. "ಆಹಾ, ಜಾಣೆಯ ಲೆಕ್ಕ ನೋಡು! ಕೂತ್ಕೋ ಇಲ್ಲಿ. ನಡುವೆ ಬಾಯಿ ಹಾಕಬೇಡ."

ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಔಷಧಿ ಅರೆದು ಕೊಡುವ ವೈದ್ಯನಲ್ಲ. ಕಾಲು ಮುರಿದುಕೊಂಡವರಿಗೆ, ಮೂಳೆ ಕೂಡಿದ ಮೇಲೆ, ಮತ್ತೆ ನಡೆಯಲು ಕಲಿಸುವವನು. ಒಳ್ಳೆಯ ಹುಡುಗ, ಆದರೆ ಸ್ವಲ್ಪ ಶೋಕಿ. ಆ ವಿದ್ಯೆ ಕಲಿಸುವವರು ಪಕ್ಕದ ಊರಿನಲ್ಲೇ ಇದ್ದರು. ಇವನು ಮಾತ್ರ ರಾಜಧಾನಿಯಲ್ಲಿ ಕಲಿತರೇ ಹೆಸರು ಎಂದುಕೊಂಡ. ಒಬ್ಬ ವ್ಯಾಪಾರಿಯ ಹತ್ತಿರ ಮೈತುಂಬ ಸಾಲ ಮಾಡಿದ, ಹೋದ, ಕಲಿತ, ಒಂದು ಜರಿ ಶಲ್ಯ ಹೊದ್ದು ವಾಪಸು ಬಂದ. ಪಕ್ಕದ ಊರಿನಲ್ಲಿ ಕಲಿಸುತ್ತಿದ್ದದ್ದೂ ಅದೇ ವಿದ್ಯೆ.

ಅವನ ಕಸುಬಿಗೆ ಒಂದು ಪದ್ಧತಿಯಿತ್ತು. ನಡೆಯಲು ಕಲಿಯುವವರು ದಿನವೂ ಬರಬೇಕು, ಬಂದ ದಿನದ ಕೂಲಿ ಕೊಡಬೇಕು. ಕಾಲು ಗುಣವಾದ ದಿನ ವೈದ್ಯ ಅವರ ಊರುಗೋಲನ್ನು ತನ್ನ ಒಲೆಗೆ ಹಾಕಿ, ಅದೇ ಬೆಂಕಿಯಲ್ಲಿ ಪಾಯಸ ಮಾಡಿ ಅವರಿಗೆ ಬಡಿಸಬೇಕು. ಆ ದಿನ ಅವನು ಕಾಸು ಮುಟ್ಟುವಂತಿಲ್ಲ. ಮಾರನೆಯ ದಿನದಿಂದ ಅವರು ಬರುವುದೂ ಇಲ್ಲ. ನಗಬೇಡ, ಆ ಕಸುಬೇ ಹಾಗೆ. ಕೆಲಸ ಚೆನ್ನಾಗಿ ಆಯಿತೋ, ಗಿರಾಕಿ ಮನೆಗೆ ಹೋದ.

ಅವನ ಹತ್ತಿರ ಒಬ್ಬ ಕುಂಬಾರ ಮುದುಕಿ ಬಂದಳು. ಜಾರಿ ಬಿದ್ದು ಮುರಿದಿದ್ದ ತೊಡೆಯ ಮೂಳೆ ಆಗತಾನೇ ಕೂಡಿತ್ತು. ವೈದ್ಯ ಅವಳ ತೋಳು ಹಿಡಿದು ಅಂಗಳದಲ್ಲಿ ನಡೆಸಿದ. ಗದರಿಸಿದ, ಮುದ್ದು ಮಾಡಿದ, ಅಳುತ್ತಿದ್ದವಳನ್ನು ನಗಿಸಿದ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಲಿಗೆ ಬಲ ಬಂತು. ಅದು ವೈದ್ಯನ ಕೈಗೆ ಗೊತ್ತಾಯಿತು. ಇನ್ನೇನು ಕೋಲು ಕೇಳಬೇಕು, ಅಷ್ಟರಲ್ಲಿ ಬಾಗಿಲಲ್ಲಿ ವ್ಯಾಪಾರಿಯ ಆಳು ಕೆಮ್ಮಿದ. ಅವತ್ತು ಕಂತಿನ ದಿನ.

"ಇನ್ನೊಂದು ವಾರ ಬಾ ಅಜ್ಜಿ" ಎಂದುಬಿಟ್ಟ ವೈದ್ಯ.

ಮುಂದಿನ ವಾರವೂ ಅದೇ ಮಾತು, ಅದರ ಮುಂದಿನ ವಾರವೂ ಅದೇ. ಕೆಟ್ಟವನಲ್ಲ ನೋಡವ್ವ ಅವನು. ಇದೊಂದೇ ವಾರ ಎಂದು ಪ್ರತಿ ಸಲವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮುದುಕಿಯೂ ಕೋಲೂರಿಕೊಂಡು, ಕುಂಟಿಕೊಂಡು ಬರುತ್ತಲೇ ಇದ್ದಳು. ಮಡಕೆ ಮಾರಿದ ಕಾಸು ಅವನ ಕೈಯಲ್ಲಿಡುತ್ತಲೇ ಇದ್ದಳು.

ಒಂದು ದಿನ ವೈದ್ಯ ನೀರಿನ ಕೊಡ ಕೊಳ್ಳಲು ಕುಂಬಾರರ ಕೇರಿಗೆ ಹೋದ. ಇದ್ದಕ್ಕಿದ್ದ ಹಾಗೆ ಅಕಾಲದ ಮಳೆ ಶುರುವಾಯಿತು. ಮುದುಕಿಯ ಅಂಗಳದ ತುಂಬ ಒಣಗಲು ಇಟ್ಟ ಹಸಿ ಮಡಕೆಗಳು. ನೆಂದರೆ ಮತ್ತೆ ಮಣ್ಣೇ. ವೈದ್ಯ ನೋಡುತ್ತಾನೆ, ಮುದುಕಿ ಸೆರಗು ಸಿಕ್ಕಿಸಿ, ಎರಡು ಕಂಕುಳಲ್ಲೂ ಮಡಕೆ ಇಟ್ಟುಕೊಂಡು ಒಳಗೂ ಹೊರಗೂ ಓಡುತ್ತಿದ್ದಾಳೆ! ಕೋಲು ಗೋಡೆಗೆ ಒರಗಿ ನಿಂತಿದೆ.

ಅವನನ್ನು ಕಂಡು ಮುದುಕಿ ಮಡಕೆ ಕೆಳಗಿಟ್ಟಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಹೋಗಿ ಕೋಲು ಹಿಡಿದುಕೊಂಡಳು.

"ಯಾವಾಗಿನಿಂದ ಹೀಗೆ ನಡೆಯುತ್ತಿದ್ದೀಯ ಅಜ್ಜಿ?"

"ದಸರೆಗೆ ಮುಂಚಿನಿಂದ."

"ಮತ್ತೆ ದಿನಾ ಯಾಕೆ ಕುಂಟುತ್ತಾ ಬಂದೆ? ನನಗೆ ಕಾಸು ಯಾಕೆ ಕೊಟ್ಟೆ?"

"ಆ ಆಳು ಬಾಗಿಲಿಗೆ ಬಂದರೆ ನಿನ್ನ ಮುಖ ಇಷ್ಟು ಚಿಕ್ಕದಾಗುತ್ತದೆ ನನ್ನಪ್ಪಾ. ನೋಡಲಿಕ್ಕೆ ಆಗಲಿಲ್ಲ. ನನ್ನನ್ನು ನಡೆಸಿದ ಹುಡುಗ ನೀನು. ನಿನ್ನ ಸಾಲ ತೀರುವ ತನಕ ಕುಂಟಿದರಾಯಿತು ಅಂದುಕೊಂಡೆ."

ವೈದ್ಯ ಆ ಮಳೆಯಲ್ಲೇ ಕುಕ್ಕರಿಸಿ ಅತ್ತುಬಿಟ್ಟ. ಆಮೇಲೆ ಎದ್ದು ಅವಳ ಜೊತೆ ಉಳಿದ ಮಡಕೆಗಳನ್ನು ಒಳಗೆ ಸಾಗಿಸಿದ. ಅವಳನ್ನು ಮನೆಗೆ ಕರೆದುಕೊಂಡು ಬಂದು, ಕೋಲನ್ನು ಒಲೆಗೆ ಹಾಕಿ, ಪಾಯಸ ಮಾಡಿ ಬಡಿಸಿದ. ಆ ವಾರ ಆಳು ಬಂದಾಗ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಹೆಗಲ ಮೇಲಿನ ಜರಿ ಶಲ್ಯ ತೆಗೆದು ಕೊಟ್ಟ.

ಗುರುಗಳು ಕತೆ ನಿಲ್ಲಿಸಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

"ಆಮೇಲೆ ಅವನ ಸಾಲ ತೀರಿತೇ ಗುರುಗಳೇ?" ಎಂದು ದಾಕ್ಷಾಯಣಿ ಮೆಲ್ಲಗೆ ಕೇಳಿದಳು.

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟರು.

"ಅದು ಬಿಡು ಮಗಳೇ, ಗುಣವಾದ ದಿನವೇ ಅಂಥ ಅಜ್ಜಿಯ ಕೋಲನ್ನು ಒಲೆಗೆ ಹಾಕಲು ಯಾವ ಸಾಲ ನಿನ್ನನ್ನು ಬಿಡುತ್ತದೋ, ನಾಳೆ ಆ ಸಾಲಕ್ಕೆ ಸಹಿ ಹಾಕು."